ಮೂವತ್ತು ದಾಟಿದ ಮೇಲೆ ನರ್ಸಿಂಗ್: ಖರ್ಚು ಯಾರ ಲೆಕ್ಕಕ್ಕೆ?

ಪಿಯುಸಿ ಫಲಿತಾಂಶ ಬಂದ ವಾರದಿಂದ ತಾಲ್ಲೂಕು ಕೇಂದ್ರಗಳ ಬಸ್ ನಿಲ್ದಾಣದ ಗೋಡೆಗಳಲ್ಲಿ, ಆಟೊಗಳ ಹಿಂಬದಿಯಲ್ಲಿ, ಲೋಕಲ್ ಕೇಬಲ್ ಚಾನೆಲ್‌ನ ಕೆಳಗೆ ಓಡುವ ಪಟ್ಟಿಯಲ್ಲಿ ನರ್ಸಿಂಗ್ ಸೀಟುಗಳ ಜಾಹೀರಾತು ಶುರುವಾಗುತ್ತದೆ. ಚಿತ್ರದಲ್ಲಿರುವುದು ಹದಿನೆಂಟರ ಹುಡುಗಿ. ಅದರ ಕೆಳಗಿನ ಮೊಬೈಲ್ ನಂಬರ್ ಬರೆದುಕೊಳ್ಳುವವರಲ್ಲಿ ಮೂವತ್ತರ ಆಸುಪಾಸಿನ ಹೆಂಗಸರೂ ಇರುತ್ತಾರೆ. ಖಾಸಗಿ ನರ್ಸಿಂಗ್ ಹೋಮ್‌ನಲ್ಲಿ ವರ್ಷಗಟ್ಟಲೆ ಆಯಾ ಕೆಲಸ ಮಾಡಿ, ಡ್ರಿಪ್ ಖಾಲಿಯಾಗುವುದನ್ನು ಸಿಸ್ಟರ್‌ಗಿಂತ ಮೊದಲೇ ಗಮನಿಸುವವರು. ಆಶಾ ಕಾರ್ಯಕರ್ತೆಯಾಗಿ ಊರಿನ ಬಸುರಿಯರ ತಾಯಿ ಕಾರ್ಡುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡವರು. ಪಿಯುಸಿ ಮುಗಿದದ್ದೇ ತಡ ಮದುವೆಯಾಗಿ, ಈಗ ಮಕ್ಕಳು ಶಾಲೆಗೆ ಹೊರಟ ಮೇಲೆ ಬಿಟ್ಟ ಓದನ್ನು ನೆನೆಯುವವರು. ಇವರು ಫೋನ್ ಮಾಡಿ ಮೊದಲು ಕೇಳುವುದು ‘ವಯಸ್ಸು ಎಷ್ಟರವರೆಗೆ ತಗೋತೀರಿ’ ಎಂದು. ಆಮೇಲೆ ‘ಫೀಸು ಎಷ್ಟಾಗುತ್ತೆ’ ಎಂದು. ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ಏಕೆಂದರೆ ಅದಕ್ಕೆ ಕಾಲೇಜಿನವರ ಬಳಿ ಉತ್ತರ ಇರುವುದಿಲ್ಲ: ಓದುವಷ್ಟು ಕಾಲ ಮನೆ ಹೇಗೆ ನಡೆಯಬೇಕು?

ನರ್ಸಿಂಗ್ ಓದಿಗೆ ನಮ್ಮಲ್ಲಿ ಇರುವ ನೆರವೆಲ್ಲ ಫೀಸಿನ ಪ್ರಶ್ನೆಗೆ ಕೊಟ್ಟ ಉತ್ತರ. ವಯಸ್ಕರನ್ನು ತರಗತಿಯಿಂದ ಹೊರಗಿಡುತ್ತಿರುವುದು ಮನೆ ನಡೆಸುವ ಪ್ರಶ್ನೆ. ಸರ್ಕಾರ, ಬ್ಯಾಂಕು, ಕಾಲೇಜು ಮೂವರೂ ಇದನ್ನು ಆಕೆಯ ಸ್ವಂತ ವಿಷಯವೆಂದು ಬಿಟ್ಟುಬಿಟ್ಟಿದ್ದಾರೆ.

ಮೊದಲು ದಾರಿಗಳು ಯಾವುವು ಎಂದು ನೋಡೋಣ. ಎರಡು ವರ್ಷದ ಎಎನ್‌ಎಂ, ಮೂರು ವರ್ಷದ ಜಿಎನ್‌ಎಂ ಡಿಪ್ಲೊಮಾ, ನಾಲ್ಕು ವರ್ಷದ ಬಿ.ಎಸ್ಸಿ ನರ್ಸಿಂಗ್. ಬಿ.ಎಸ್ಸಿಗೆ ಪಿಯುಸಿಯಲ್ಲಿ ಭೌತವಿಜ್ಞಾನ, ರಸಾಯನವಿಜ್ಞಾನ, ಜೀವವಿಜ್ಞಾನ ಓದಿರಬೇಕು. 2023ರಿಂದ ರಾಜ್ಯದಲ್ಲಿ ಇದಕ್ಕೂ ಸಿಇಟಿ ಬರೆಯಬೇಕು. ಹನ್ನೆರಡು ವರ್ಷದ ಹಿಂದೆ ಕಲಾ ವಿಭಾಗದಲ್ಲಿ ಪಿಯುಸಿ ಮುಗಿಸಿದ ಹೆಂಗಸಿಗೆ ಈ ಬಾಗಿಲು ಮುಚ್ಚಿಯೇ ಇದೆ. ಆಕೆಗೆ ಉಳಿಯುವುದು ಎಎನ್‌ಎಂ ಮತ್ತು ಜಿಎನ್‌ಎಂ. ಭಾರತೀಯ ಶುಶ್ರೂಷಾ ಪರಿಷತ್ತಿನ ನಿಯಮದಂತೆ ಇವೆರಡಕ್ಕೂ ಗರಿಷ್ಠ ವಯಸ್ಸು 35. ಈಗಾಗಲೇ ಎಎನ್‌ಎಂ ಆದವರು ಜಿಎನ್‌ಎಂಗೆ ಸೇರುವುದಾದರೆ ಮಾತ್ರ ವಯಸ್ಸಿನ ಕಟ್ಟಿಲ್ಲ. ಜಿಎನ್‌ಎಂ ಕೋರ್ಸನ್ನೇ ನಿಲ್ಲಿಸಿ ಪದವಿಯೊಂದನ್ನೇ ಉಳಿಸುವ ಮಾತು ಪರಿಷತ್ತಿನಲ್ಲಿ ಹಲವು ವರ್ಷಗಳಿಂದ ನಡೆದು, ಮುಂದೂಡುತ್ತಾ ಬಂದಿದೆ. ಶಿಕ್ಷಣದ ಗುಣಮಟ್ಟದ ದೃಷ್ಟಿಯಿಂದ ಅದು ಸರಿಯಿರಬಹುದು. ಆದರೆ ತಡವಾಗಿ ಓದಲು ಬರುವವರಿಗೆ ಇರುವ ಮುಖ್ಯ ಬಾಗಿಲು ಅದೇ ಎಂಬುದನ್ನು ಆ ಚರ್ಚೆಯಲ್ಲಿ ಯಾರೂ ನೆನಪಿಸಿದಂತೆ ಕಾಣುವುದಿಲ್ಲ.

ಈಗ ದುಡ್ಡಿನ ಲೆಕ್ಕ. ತಿಂಗಳಿಗೆ 12 ಸಾವಿರ ದುಡಿಯುವ ಒಬ್ಬ ಆಯಾ ಕೆಲಸ ಬಿಟ್ಟು ಖಾಸಗಿ ಶಾಲೆಯಲ್ಲಿ ಜಿಎನ್‌ಎಂಗೆ ಸೇರುತ್ತಾರೆ ಎಂದಿಟ್ಟುಕೊಳ್ಳಿ. ವರ್ಷದ ಫೀಸು 60 ಸಾವಿರ ಎಂದುಕೊಂಡರೆ ಮೂರು ವರ್ಷಕ್ಕೆ 1.80 ಲಕ್ಷ. ಸಮವಸ್ತ್ರ, ಬಿಳಿ ಶೂ, ರೆಕಾರ್ಡ್ ಪುಸ್ತಕ, ಪರೀಕ್ಷಾ ಶುಲ್ಕ, ಕ್ಲಿನಿಕಲ್ ಪೋಸ್ಟಿಂಗ್‌ಗೆ ಓಡಾಟ ಎಂದು ವರ್ಷಕ್ಕೆ 20 ಸಾವಿರ ಹಿಡಿದರೆ ಇನ್ನೊಂದು 60 ಸಾವಿರ. ಒಟ್ಟು 2.40 ಲಕ್ಷ. ಇಷ್ಟು ಕಾಗದದ ಮೇಲೆ ಕಾಣುವ ಖರ್ಚು. ಇನ್ನು ಕಾಣದ್ದು: 36 ತಿಂಗಳು ಕೈತಪ್ಪುವ ಸಂಬಳ, 4.32 ಲಕ್ಷ. ಒಟ್ಟು 6.72 ಲಕ್ಷದಲ್ಲಿ ಸುಮಾರು ಮೂರನೇ ಎರಡು ಪಾಲು ಈ ಕಾಣದ ಖರ್ಚೇ. ಹದಿನೆಂಟರ ಹುಡುಗಿಗೆ ಈ ಸಾಲು ಸೊನ್ನೆ, ಏಕೆಂದರೆ ಆಕೆಯ ಊಟ, ಬಟ್ಟೆ, ಬಾಡಿಗೆ ಅಪ್ಪ-ಅಮ್ಮನ ಖರ್ಚಿನಲ್ಲಿ ಸೇರಿಹೋಗಿರುತ್ತದೆ. ವಯಸ್ಕ ವಿದ್ಯಾರ್ಥಿನಿಯ ಮನೆಯಲ್ಲಿ ಊಟ ಹಾಕಬೇಕಾದವರು ಆಕೆಯೇ.

ಕೆಲಸ ಬಿಡದೆ ಓದಬಾರದೇ ಎಂದು ಕೇಳುವವರಿದ್ದಾರೆ. ಬಿ.ಎ., ಬಿ.ಕಾಂ.ಗೆ ಆ ಮಾತು ನಡೆಯುತ್ತದೆ. ಸಂಜೆ ಕಾಲೇಜು ಇದೆ, ಮುಕ್ತ ವಿಶ್ವವಿದ್ಯಾಲಯ ಇದೆ. ನರ್ಸಿಂಗ್‌ನಲ್ಲಿ ತರಗತಿ ಹಾಜರಾತಿ ಶೇ 80 ಇರಬೇಕು, ಪ್ರಾಯೋಗಿಕ ತರಬೇತಿಯ ಗಂಟೆಗಳನ್ನು ನೂರಕ್ಕೆ ನೂರು ಮುಗಿಸದೆ ಸರ್ಟಿಫಿಕೇಟ್ ಸಿಗದು. ಬೆಳಿಗ್ಗೆ ವಾರ್ಡು, ಮಧ್ಯಾಹ್ನ ಪಾಠ, ಆಗಾಗ ನೈಟ್ ಡ್ಯೂಟಿ. ಹಾಗೆ ಇರಲೇಬೇಕು. ರೋಗಿಯ ನರ ಹುಡುಕುವುದನ್ನು ಯೂಟ್ಯೂಬ್ ನೋಡಿ ಕಲಿತವರ ಕೈಗೆ ಯಾರೂ ತಮ್ಮ ಕೈ ಕೊಡಲಾರರು. ಅಂದಮೇಲೆ ಮೂರು ವರ್ಷ ದುಡಿಮೆ ನಿಲ್ಲುವುದು ಈ ಕೋರ್ಸಿನ ಸ್ವಭಾವದಲ್ಲೇ ಇದೆ. ಅದು ವಿದ್ಯಾರ್ಥಿನಿಯ ಸೋಮಾರಿತನದಿಂದ ಬಂದದ್ದಲ್ಲ.

ಈ ಬಿಕ್ಕಟ್ಟಿಗೆ ಮಾರುಕಟ್ಟೆ ತನ್ನದೇ ಪರಿಹಾರ ಕಂಡುಕೊಂಡಿದೆ. ಅದರ ಹೆಸರು ‘ನಾನ್ ಅಟೆಂಡಿಂಗ್’. ಫೀಸಿನ ಮೇಲೆ ಇನ್ನಷ್ಟು ಕೊಟ್ಟರೆ ಹಾಜರಾತಿ ಪುಸ್ತಕದಲ್ಲಿ ಹೆಸರು ತಾನಾಗಿ ತುಂಬುತ್ತದೆ, ಪರೀಕ್ಷೆಯ ಹೊತ್ತಿಗೆ ಬಂದರೆ ಸಾಕು. ರಾಜ್ಯದ ನರ್ಸಿಂಗ್ ಶಿಕ್ಷಣದ ಒಳಹೊರಗು ಬಲ್ಲ ಯಾರನ್ನು ಕೇಳಿದರೂ ಈ ಪದ ಅವರಿಗೆ ಹೊಸದಲ್ಲ. ಹೊರರಾಜ್ಯದ ವಿದ್ಯಾರ್ಥಿಗಳನ್ನು ತುಂಬಿಕೊಳ್ಳಲು ಏಜೆಂಟರು ಬೆಳೆಸಿದ ಈ ದಂಧೆಗೆ ಕೆಲಸ ಬಿಡಲಾಗದ ಸ್ಥಳೀಯ ಹೆಂಗಸರೂ ಸಿಕ್ಕಿಬೀಳುತ್ತಾರೆ. ಇನ್ನೊಂದು ಬಲೆ ಆರು ತಿಂಗಳ, ಒಂದು ವರ್ಷದ ‘ನರ್ಸಿಂಗ್ ಕೋರ್ಸ್’. ಅಂಗಡಿ ಮಹಡಿಯ ಮೇಲಿನ ಸಂಸ್ಥೆಗಳು ಕೊಡುವ ಈ ಸರ್ಟಿಫಿಕೇಟ್ ಹಿಡಿದು ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಣಿ ಆಗುವುದಿಲ್ಲ. ನೋಂದಣಿ ಇಲ್ಲದವರು ಹೋಮ್ ನರ್ಸ್ ಎಂದೋ ಅಸಿಸ್ಟೆಂಟ್ ಎಂದೋ ಆಯಾ ಸಂಬಳಕ್ಕೇ ವಾಪಸಾಗಬೇಕು. ಮೋಸ ಹೋದವರನ್ನು ಬೈಯುವುದು ಸುಲಭ. ದುಡಿಯುತ್ತಲೇ ಓದುವ ನ್ಯಾಯವಾದ ದಾರಿಯೊಂದನ್ನು ನಾವು ತೆರೆದಿಟ್ಟಿಲ್ಲ ಎಂಬುದನ್ನೂ ಆಗ ಸೇರಿಸಿ ಹೇಳಬೇಕು.

ಸಾಲದ ವಿಷಯಕ್ಕೆ ಬರೋಣ. ಬ್ಯಾಂಕಿನ ಶಿಕ್ಷಣ ಸಾಲದ ಮೇಜಿನ ಮುಂದೆ ಮೂವತ್ತೆರಡರ ಹೆಂಗಸು ಕೂತರೆ ಸಾಮಾನ್ಯವಾಗಿ ಕೇಳಿಬರುವ ಮಾತು ಇದು: ‘ಸ್ಟೂಡೆಂಟ್ ಬಂದಿಲ್ವಾ? ಮಗಳನ್ನ ಕರ್ಕೊಂಡು ಬನ್ನಿ ಅಮ್ಮಾ.’ ‘ನಾನೇ ಸರ್ ಓದೋದು.’ ಆಮೇಲೆ ಒಂದು ಕ್ಷಣದ ಮೌನ, ‘ಈ ವಯಸ್ಸಲ್ಲಾ?’ ಎಂಬ ಪ್ರಶ್ನೆ, ಮ್ಯಾನೇಜರನ್ನು ಕೇಳಿ ಹೇಳುತ್ತೇನೆಂಬ ಸಮಾಧಾನ. ನಿಯಮ ನೋಡಿದರೆ ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ವಿದ್ಯಾರ್ಥಿಯ ವಯಸ್ಸಿಗೆ ಮಿತಿಯೇ ಇಲ್ಲ. ಮದುವೆಯಾದವರಿಗೆ ಗಂಡ ಅಥವಾ ಹೆಂಡತಿ, ಇಲ್ಲವೇ ಅತ್ತೆ-ಮಾವ ಸಹ ಸಾಲಗಾರರಾಗಬಹುದು ಎಂದೂ ಅದರಲ್ಲಿ ಬರೆದಿದೆ. 4 ಲಕ್ಷದವರೆಗೆ ಆಸ್ತಿಯ ಅಡಮಾನ ಬೇಕಿಲ್ಲ. ಕೋರ್ಸು ಮುಗಿದು ಒಂದು ವರ್ಷದವರೆಗೆ ಕಂತು ಇಲ್ಲ. ಆಮೇಲೆ ತೀರಿಸಲು 15 ವರ್ಷದವರೆಗೂ ಅವಕಾಶ ಉಂಟು. ವರಮಾನ ತೆರಿಗೆ ಕಾನೂನು ಕೂಡ ಹೆಂಡತಿಯ ಓದಿಗೆ ಮಾಡಿದ ಸಾಲದ ಬಡ್ಡಿಗೆ ವಿನಾಯಿತಿ ಕೊಡುತ್ತದೆ. ಹೀಗೆ ವಯಸ್ಕರು ಓದಬಹುದು ಎಂಬುದು ದೆಹಲಿ, ಮುಂಬೈನ ಸುತ್ತೋಲೆಗಳಿಗೆ ಗೊತ್ತಿದೆ. ತಾಲ್ಲೂಕಿನ ಶಾಖೆಗೆ ಅದು ತಲುಪಿಲ್ಲ, ಅಥವಾ ತಲುಪಿದರೂ ಅಲ್ಲಿನವರು ಓದಿಲ್ಲ.

ಸುತ್ತೋಲೆ ಓದಿ, ಸಾಲ ಕೊಟ್ಟರೂ ತೊಡಕು ತೀರುವುದಿಲ್ಲ. ಶಿಕ್ಷಣ ಸಾಲದಲ್ಲಿ ಬೋಧನಾ ಶುಲ್ಕ, ಹಾಸ್ಟೆಲ್, ಪುಸ್ತಕ, ಸಮವಸ್ತ್ರ, ಪರೀಕ್ಷಾ ಶುಲ್ಕ ಸೇರುತ್ತವೆ. ಮನೆ ಬಾಡಿಗೆ, ಮಗನ ಶಾಲೆ, ಅತ್ತೆಯ ಬಿ.ಪಿ. ಮಾತ್ರೆ ಸೇರುವುದಿಲ್ಲ. ಮೇಲಿನ ಲೆಕ್ಕದಲ್ಲಿ 2.40 ಲಕ್ಷಕ್ಕೆ ಬ್ಯಾಂಕ್ ಹೂಂ ಅನ್ನಬಹುದು, 4.32 ಲಕ್ಷಕ್ಕೆ ಅನ್ನುವುದಿಲ್ಲ. ಆ ಹಣ ಎಲ್ಲಿಂದ ಬರುತ್ತದೆ? ಸಂಘದ ಸಾಲದಿಂದ, ಅಡವಿಟ್ಟ ಓಲೆ-ಸರದಿಂದ, ವಾರದ ಕಂತಿನ ಮೈಕ್ರೊಫೈನಾನ್ಸ್‌ನಿಂದ. ಶಿಕ್ಷಣ ಸಾಲಕ್ಕೆ ಓದು ಮುಗಿಯುವವರೆಗೆ ಬಿಡುವು ಉಂಟು. ಸಂಘದ ಕಂತು ಮುಂದಿನ ವಾರವೇ ಬಾಗಿಲಿಗೆ ಬರುತ್ತದೆ. ವಸೂಲಿಯ ಕಿರುಕುಳ ತಡೆಯಲು 2025ರ ಆರಂಭದಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು ಎಂಬುದು ಈ ಸಾಲದ ಬಿಸಿ ಎಂಥದೆಂದು ಹೇಳುತ್ತದೆ. ಓದುವ ಹೆಂಗಸು ಮೊದಲು ಸೋಲುವುದು ಇಲ್ಲಿ: ಅಗ್ಗದ ಸಾಲ ಕಾಲೇಜಿಗೆ ಹೋಗುತ್ತದೆ, ದುಬಾರಿ ಸಾಲ ಮನೆಗೆ ಬರುತ್ತದೆ.

ಇದರ ನಡುವೆ ಗೃಹಲಕ್ಷ್ಮಿಯ 2,000 ರೂಪಾಯಿ ಇದೆ. ತಿಂಗಳಿಗೆ ಎರಡು ಸಾವಿರವೆಂದರೆ ಮೂರು ವರ್ಷಕ್ಕೆ 72 ಸಾವಿರ. ನಮ್ಮ ಲೆಕ್ಕದ ಒಂದು ವರ್ಷದ ಫೀಸಿಗಿಂತ ಹೆಚ್ಚು. ಶಕ್ತಿ ಯೋಜನೆಯ ಉಚಿತ ಬಸ್ಸು ಪೋಸ್ಟಿಂಗ್‌ಗೆ ಓಡಾಡುವ ಖರ್ಚನ್ನು ಬಹುಪಾಲು ಇಳಿಸಿದೆ. ಬಿಟ್ಟಿ ಭಾಗ್ಯ ಎಂದು ಈ ಯೋಜನೆಗಳನ್ನು ಹಂಗಿಸುವವರು ಗಮನಿಸಬೇಕಾದ ಮಾತು: ಯಾವ ಷರತ್ತೂ ಇಲ್ಲದೆ ನೇರ ಕೈಗೆ ಬರುವ ದುಡ್ಡೇ ವಯಸ್ಕ ವಿದ್ಯಾರ್ಥಿನಿಗೆ ಹೆಚ್ಚು ಉಪಯೋಗಕ್ಕೆ ಬರುವುದು. ಓದಿಗೆಂದೇ ರೂಪಿಸಿದ ಯೋಜನೆಗಳಲ್ಲಿ ಆಕೆಗೆ ಜಾಗ ಸಿಗುವುದು ಕಷ್ಟ.

ಜಾಗ ಯಾಕೆ ಸಿಗುವುದಿಲ್ಲ ಎಂದರೆ ಅರ್ಜಿ ನಮೂನೆಗಳು ತಂದೆಯ ವರಮಾನ ಕೇಳುತ್ತವೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಶೈಕ್ಷಣಿಕ ನೆರವು ಇರುವುದು ನೋಂದಾಯಿತ ಕಾರ್ಮಿಕರ ಮಕ್ಕಳಿಗೆ. ಗಾರೆ ಕೆಲಸದ ಹೆಂಗಸು ತಾನೇ ಎಎನ್‌ಎಂ ಓದಲು ಹೊರಟರೆ ಆ ಯೋಜನೆಯ ಕಣ್ಣಿಗೆ ಆಕೆ ಫಲಾನುಭವಿಯ ತಾಯಿ ಮಾತ್ರ. ಪರಿಶಿಷ್ಟ ಜಾತಿಯ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ನಿಯಮದಲ್ಲೇನೋ ಉದ್ಯೋಗವಿಲ್ಲದ ವಿವಾಹಿತ ವಿದ್ಯಾರ್ಥಿನಿಗೆ ಗಂಡನ ವರಮಾನ ಪರಿಗಣಿಸಬೇಕೆಂಬ ಸಾಲು ಇದೆ. ಒಳ್ಳೆಯದೇ. ಆದರೆ ಗಂಡ ಬಿಟ್ಟು ಹೋಗಿ ಎಂಟು ವರ್ಷವಾಗಿ, ವಿಚ್ಛೇದನದ ಕಾಗದ ಕೈಯಲ್ಲಿಲ್ಲದ ಹೆಂಗಸು ನಾಡಕಚೇರಿಯಲ್ಲಿ ಯಾರ ವರಮಾನದ ಪ್ರಮಾಣಪತ್ರ ಮಾಡಿಸಬೇಕು? ಮೂವತ್ತರ ಮೇಲೆ ನರ್ಸಿಂಗ್‌ಗೆ ಬರುವವರಲ್ಲಿ ಇಂಥವರು ಅಪರೂಪವಲ್ಲ. ನಿಜ ಹೇಳಬೇಕೆಂದರೆ ಓದಬೇಕೆಂಬ ಹಟ ಹುಟ್ಟುವುದೇ ಎಷ್ಟೋ ಸಲ ಅಂಥ ಪರಿಸ್ಥಿತಿಯಿಂದ.

ಕೇಂದ್ರ ಸರ್ಕಾರ 2024ರ ನವೆಂಬರ್‌ನಲ್ಲಿ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ಜಾಮೀನು, ಅಡಮಾನ ಯಾವುದೂ ಇಲ್ಲದ ಸಾಲ ಕೊಡುತ್ತದೆ. ವರ್ಷಕ್ಕೆ 8 ಲಕ್ಷದವರೆಗೆ ವರಮಾನ ಇರುವ ಕುಟುಂಬಗಳಿಗೆ 10 ಲಕ್ಷದವರೆಗಿನ ಸಾಲಕ್ಕೆ ಶೇ 3ರಷ್ಟು ಬಡ್ಡಿ ರಿಯಾಯಿತಿಯೂ ಇದೆ. ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂತು. ಆದರೆ ಯೋಜನೆ ಅನ್ವಯಿಸುವುದು ರಾಷ್ಟ್ರೀಯ ರ್‍ಯಾಂಕಿಂಗ್ ಆಧಾರದ ಮೇಲೆ ಆಯ್ದ ಸಂಸ್ಥೆಗಳಿಗೆ ಮಾತ್ರ; ಆರಂಭದಲ್ಲಿ ಅವು 860 ಇದ್ದವು. ಆ ರ್‍ಯಾಂಕಿಂಗ್‌ನಲ್ಲಿ ವೈದ್ಯಕೀಯ, ದಂತವೈದ್ಯಕೀಯ, ಫಾರ್ಮಸಿ ವಿಭಾಗಗಳಿವೆ. ನರ್ಸಿಂಗ್ ಎಂಬ ವಿಭಾಗ ಇಲ್ಲ. ತಾಲ್ಲೂಕಿನ ಜಿಎನ್‌ಎಂ ಶಾಲೆ ಆ ಪಟ್ಟಿಯ ಹತ್ತಿರಕ್ಕೂ ಸುಳಿಯಲಾರದು. ಹಳೆಯ ಬಡ್ಡಿ ಸಹಾಯಧನ ಯೋಜನೆ ಇದಕ್ಕಿಂತ ವಾಸಿ: ಕುಟುಂಬದ ವರಮಾನ 4.50 ಲಕ್ಷದೊಳಗಿದ್ದರೆ ಓದುವ ಅವಧಿ ಮತ್ತು ಆಮೇಲಿನ ಒಂದು ವರ್ಷದ ಬಡ್ಡಿಯನ್ನು ಕೇಂದ್ರವೇ ಕಟ್ಟುತ್ತದೆ. ಅದರಲ್ಲಿ ನರ್ಸಿಂಗ್‌ಗೆ ಶುಶ್ರೂಷಾ ಪರಿಷತ್ತಿನ ಅನುಮೋದನೆ ಬೇಕೆಂಬ ಷರತ್ತಿದೆ. ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನ್ಯತೆ ಬೇಕೇ, ರಾಜ್ಯದ್ದೇ ಸಾಕೇ ಎಂಬ ವಿವಾದ 2017ರಲ್ಲಿ ನಮ್ಮ ಹೈಕೋರ್ಟ್ ಮೆಟ್ಟಿಲೇರಿತ್ತು. ಕಾಲೇಜುಗಳ ಆಡಳಿತ ಮಂಡಳಿಗಳಿಗೆ ಅದು ಅಧಿಕಾರದ ಜಗಳ. ಯಾವ ಪಟ್ಟಿಯಲ್ಲಿ ತನ್ನ ಕಾಲೇಜಿನ ಹೆಸರಿದೆ ಎಂದು ಬ್ಯಾಂಕಿಗೆ ತೋರಿಸಬೇಕಾದ ವಿದ್ಯಾರ್ಥಿನಿಗೆ ಅದೇ ಸಾಲದ ಪ್ರಶ್ನೆ.

ಸಾಲ ಸಿಕ್ಕಿತು, ಓದು ಮುಗಿಯಿತು ಎನ್ನಿ. 2.40 ಲಕ್ಷವನ್ನು ವರ್ಷಕ್ಕೆ 80 ಸಾವಿರದಂತೆ ಶೇ 11ರ ಬಡ್ಡಿಗೆ ಪಡೆದಿದ್ದರೆ, ಕಂತು ಶುರುವಾಗುವ ಹೊತ್ತಿಗೆ ಸರಳ ಬಡ್ಡಿಯ ಲೆಕ್ಕದಲ್ಲೇ ಅದು ಸುಮಾರು 3.19 ಲಕ್ಷ ಆಗಿರುತ್ತದೆ. ಹತ್ತು ವರ್ಷದಲ್ಲಿ ತೀರಿಸುವುದಾದರೆ ತಿಂಗಳಿಗೆ ಸುಮಾರು 4,400 ರೂಪಾಯಿ. ಬಡ್ಡಿ ಸಹಾಯಧನ ಸಿಕ್ಕಿದ್ದರೆ 3,300. ಇದು ಭರಿಸಲಾಗದ ಮೊತ್ತವೇನಲ್ಲ, ಸಂಬಳ ಸರಿಯಾಗಿದ್ದರೆ. ಸಣ್ಣ ಊರಿನ ನರ್ಸಿಂಗ್ ಹೋಮ್ ಹೊಸ ಸ್ಟಾಫ್ ನರ್ಸ್‌ಗೆ 15 ಸಾವಿರ ಕೊಟ್ಟರೆ ಆಕೆಯ ಹಳೆಯ ಆಯಾ ಸಂಬಳಕ್ಕಿಂತ ಮೂರು ಸಾವಿರ ಜಾಸ್ತಿ ಬಂದಂತಾಯಿತು. ಕಂತು ಅದನ್ನು ನುಂಗಿ ಇನ್ನೂ ಕೇಳುತ್ತದೆ. ಮೂರು ವರ್ಷ ಓದಿ, ಲೈಸೆನ್ಸ್ ಪಡೆದು, ಕೈಗೆ ಸಿಗುವ ದುಡ್ಡು ಮೊದಲಿಗಿಂತ ಕಡಿಮೆ!

ಈ ಕಾರಣಕ್ಕೇ ನರ್ಸಿಂಗ್ ಓದಿನ ಖರ್ಚನ್ನು ನರ್ಸಿಂಗ್ ಸಂಬಳದಿಂದ ಬೇರೆ ಮಾಡಿ ಮಾತಾಡುವುದು ಅರ್ಧ ಮಾತು. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೇಂದ್ರ ಸರ್ಕಾರ ರಚಿಸಿದ ಸಮಿತಿ ಖಾಸಗಿ ಆಸ್ಪತ್ರೆಗಳ ನರ್ಸ್‌ಗಳಿಗೆ ಎಷ್ಟು ಕೊಡಬೇಕೆಂದು ಸ್ಪಷ್ಟವಾಗಿ ಹೇಳಿತ್ತು: 200 ಹಾಸಿಗೆ ಮೀರಿದ ಆಸ್ಪತ್ರೆಯಲ್ಲಿ ಸರ್ಕಾರಿ ನರ್ಸ್‌ಗೆ ಸಮನಾದ ಸಂಬಳ, 100ಕ್ಕಿಂತ ಹೆಚ್ಚಿದ್ದರೆ ಅದಕ್ಕಿಂತ ಶೇ 10ರಷ್ಟು ಮಾತ್ರ ಕಡಿಮೆ, 50ರಿಂದ 100 ಹಾಸಿಗೆಯಾದರೆ ಶೇ 25ರಷ್ಟು ಕಡಿಮೆ, 50ಕ್ಕಿಂತ ಚಿಕ್ಕದಾದರೂ 20 ಸಾವಿರಕ್ಕೆ ಇಳಿಯಬಾರದು. ಜಾರಿ ರಾಜ್ಯಗಳ ಕೈಲಿತ್ತು. ಅಂದಿನ 20 ಸಾವಿರವನ್ನು ಇಂದಿಗೂ ಕಾಣದ ನರ್ಸ್‌ಗಳು ನಮ್ಮ ತಾಲ್ಲೂಕುಗಳಲ್ಲಿ ಎಷ್ಟು ಬೇಕಾದರೂ ಸಿಗುತ್ತಾರೆ. ಕೇರಳದ ಅನುಭವವನ್ನೂ ನೋಡಬೇಕು. ನರ್ಸಿಂಗ್ ಸೇರಿದಂತೆ ವೃತ್ತಿಪರ ಕೋರ್ಸುಗಳಿಗೆ ಸಾಲ ಮಾಡಿ, ಸಿಕ್ಕ ಸಂಬಳದಲ್ಲಿ ಕಂತು ಕಟ್ಟಲಾರದೆ ಕೂತವರ ಸಂಖ್ಯೆ ಬೆಳೆದು, 2017ರಲ್ಲಿ ಅಲ್ಲಿನ ಸರ್ಕಾರ 900 ಕೋಟಿ ರೂಪಾಯಿಯ ಸಾಲ ಮರುಪಾವತಿ ನೆರವಿನ ಯೋಜನೆ ಘೋಷಿಸಿತು. ಆ ಸಾಲದ ಎಷ್ಟೋ ಪಾಲು ಬೆಂಗಳೂರು, ಮಂಗಳೂರಿನ ಕಾಲೇಜುಗಳ ಫೀಸಾಗಿ ಬಂದಿತ್ತು ಎಂಬುದನ್ನು ಇಲ್ಲಿ ಹೇಳದಿದ್ದರೆ ಹೇಗೆ? ಲಾಭ ನಮ್ಮ ಆಡಳಿತ ಮಂಡಳಿಗಳಿಗೆ, ಭಾರ ಪಕ್ಕದ ರಾಜ್ಯದ ಬೊಕ್ಕಸಕ್ಕೆ.

ವಯಸ್ಕ ವಿದ್ಯಾರ್ಥಿಗಳ ವಿಷಯದಲ್ಲಿ ಹೆಚ್ಚು ಪಾಠ ಹೇಳುವ ಉದಾಹರಣೆ ಇಂಗ್ಲೆಂಡಿನದು. ಅಲ್ಲಿ ನರ್ಸಿಂಗ್ ವಿದ್ಯಾರ್ಥಿಗಳಿಗೆ ಸರ್ಕಾರವೇ ಬೋಧನಾ ಶುಲ್ಕ ಕಟ್ಟಿ, ಜೀವನಕ್ಕೆಂದು ಬರ್ಸರಿ ಕೊಡುತ್ತಿತ್ತು. 2017ರಲ್ಲಿ ಅದನ್ನು ತೆಗೆದು, ಉಳಿದ ಪದವಿ ವಿದ್ಯಾರ್ಥಿಗಳಂತೆ ನೀವೂ ಸಾಲ ಮಾಡಿ ಎಂದರು. ಸೀಟು ಹೆಚ್ಚಿಸಲು ದುಡ್ಡು ಉಳಿಯುತ್ತದೆ ಎಂಬುದು ಲೆಕ್ಕಾಚಾರ. ಮೊದಲ ವರ್ಷವೇ ಇಂಗ್ಲೆಂಡಿನಿಂದ ಬಂದ ಅರ್ಜಿಗಳು ಸುಮಾರು ಶೇ 23ರಷ್ಟು ಕುಸಿದವು. ಹೆಚ್ಚು ಹಿಂದೆ ಸರಿದವರು 25 ದಾಟಿದವರು, ಅಂದರೆ ಮನೆ, ಮಕ್ಕಳು, ಹಳೆಯ ಸಾಲ ಇದ್ದವರು. ಹದಿನೆಂಟರವರಿಗೆ ಇನ್ನೊಂದು ಸಾಲ ದೂರದ ಮಾತು. ಮೂವತ್ತೈದರವರಿಗೆ ಅದು ಈ ತಿಂಗಳ ಬಾಡಿಗೆಯ ಎದುರು ನಿಲ್ಲುವ ಮಾತು. 2020ರಲ್ಲಿ ಅಲ್ಲಿನ ಸರ್ಕಾರ ಅರ್ಧ ಹೆಜ್ಜೆ ಹಿಂದಿಟ್ಟು, ವಾಪಸು ಕೊಡಬೇಕಿಲ್ಲದ 5,000 ಪೌಂಡ್ ವಾರ್ಷಿಕ ನೆರವನ್ನು ತಂದಿತು. ಮಕ್ಕಳಿರುವ ವಿದ್ಯಾರ್ಥಿಗಳಿಗೆ ಅದರ ಮೇಲೆ ಬೇರೆಯೇ ಮೊತ್ತ. ವಿದ್ಯಾರ್ಥಿಗೆ ಮಕ್ಕಳಿರಬಹುದು ಎಂದು ಒಂದು ಸರ್ಕಾರಿ ಅರ್ಜಿ ಒಪ್ಪಿಕೊಂಡದ್ದನ್ನು ನಾನು ಆ ಐದು ಸಾವಿರಕ್ಕಿಂತ ದೊಡ್ಡದೆಂದು ಭಾವಿಸುತ್ತೇನೆ. ಜರ್ಮನಿ ಇನ್ನೂ ಮುಂದೆ ಹೋಗಿ, 2020ರಿಂದ ನರ್ಸಿಂಗ್ ತರಬೇತಿಗೆ ಶಾಲಾ ಶುಲ್ಕವನ್ನೇ ಕಿತ್ತುಹಾಕಿದೆ. ಕಲಿಯುವವರನ್ನು ಕೆಲಸಗಾರರೆಂದೇ ಎಣಿಸಿ ತಿಂಗಳ ಭತ್ಯೆ ಕೊಡುತ್ತದೆ.

ನಮ್ಮಲ್ಲಿ ಇದು ಹೊಸ ಕಲ್ಪನೆಯೇ? ಸರ್ಕಾರಿ ನರ್ಸಿಂಗ್ ಶಾಲೆಗಳಲ್ಲಿ ಹಿಂದೆ ಸ್ಟೈಪೆಂಡ್, ಉಚಿತ ಹಾಸ್ಟೆಲ್ ಇದ್ದವು. ನಿವೃತ್ತ ಸಿಸ್ಟರ್‌ಗಳನ್ನು ಕೇಳಿದರೆ ಆ ಸ್ಟೈಪೆಂಡ್‌ನಲ್ಲಿ ಊರಿಗೆ ಮನಿಯಾರ್ಡರ್ ಕಳಿಸಿದ ಕಥೆ ಹೇಳುತ್ತಾರೆ. ಆಗ ವಿದ್ಯಾರ್ಥಿನಿಯರ ದುಡಿಮೆಯಿಂದಲೇ ವಾರ್ಡು ನಡೆಯುತ್ತಿತ್ತು, ಸರ್ಕಾರ ಅದನ್ನು ಒಪ್ಪಿ ಕೂಲಿ ಕೊಡುತ್ತಿತ್ತು. ವಾರ್ಡು ಇಂದಿಗೂ ಹಾಗೇ ನಡೆಯುತ್ತಿದೆ. ರೋಗಿಯ ಜ್ವರ, ನಾಡಿ, ಉಸಿರಿನ ಲೆಕ್ಕ (ಟಿಪಿಆರ್) ಬರೆಯುವವರು, ಹಾಸಿಗೆ ಬದಲಿಸುವವರು, ರಾತ್ರಿ ಎರಡಕ್ಕೆ ರೋಗಿಯ ಕರೆಗೆ ಓಗೊಡುವವರು ಬಹಳ ಕಡೆ ವಿದ್ಯಾರ್ಥಿನಿಯರೇ. ಈಗ ಅವರು ಕೂಲಿ ಪಡೆಯುವ ಬದಲು ಫೀಸು ಕಟ್ಟುತ್ತಾರೆ. ಪಕ್ಕದಲ್ಲೇ ನಿಂತ ಎಂಬಿಬಿಎಸ್ ಇಂಟರ್ನ್‌ಗೆ 2020ರಲ್ಲಿ ರಾಜ್ಯ ಸರ್ಕಾರ ಸ್ಟೈಪೆಂಡನ್ನು 20 ಸಾವಿರದಿಂದ 30 ಸಾವಿರಕ್ಕೆ ಏರಿಸಿತು. ಅದು ನ್ಯಾಯವೇ, ತಕರಾರಿಲ್ಲ. ಜಿಎನ್‌ಎಂ ಮೂರನೇ ವರ್ಷದಲ್ಲೂ ಆರು ತಿಂಗಳ ಇಂಟರ್ನ್‌ಶಿಪ್ ಉಂಟು. ಅದೇ ವಾರ್ಡು, ಅದೇ ರಾತ್ರಿ ಪಾಳಿ. ಅದಕ್ಕೆ ಬೆಲೆ ಕಟ್ಟಲು ಸರ್ಕಾರಕ್ಕೆ ಇರುವ ಅಡ್ಡಿಯೇನು?

ಹಣಕಾಸು ಇಲಾಖೆಯ ಆಕ್ಷೇಪ ಊಹಿಸಬಹುದು. ಮೂವತ್ತೆರಡಕ್ಕೆ ಸೇರಿದವರು ಮೂವತ್ತೈದಕ್ಕೆ ನರ್ಸ್ ಆಗುತ್ತಾರೆ, ಸೇವೆಗೆ ಸಿಗುವುದು ಇಪ್ಪತ್ತೈದು ವರ್ಷ. ಇಪ್ಪತ್ತೆರಡರ ನರ್ಸ್ ಹದಿಮೂರು ವರ್ಷ ಹೆಚ್ಚು ಸಿಗುತ್ತಾರೆ, ದುಡ್ಡು ಅಲ್ಲಿ ಹಾಕುವುದು ಲಾಭವಲ್ಲವೇ? ಕಾಗದದ ಮೇಲೆ ಸರಿ. ಇಪ್ಪತ್ತೆರಡರ ನರ್ಸ್ ಐದು ವರ್ಷದೊಳಗೆ ಗಲ್ಫ್, ಜರ್ಮನಿ, ಬ್ರಿಟನ್ ಎಂದು ಹೊರಟರೆ ತಪ್ಪು ಹುಡುಕಲಾಗದು. ಅವರಿಗೆ ಇಲ್ಲಿ ನಾವು ಕೊಡುವ ಸಂಬಳವೇ ವಿಮಾನದ ಟಿಕೆಟ್ಟು. ಮಕ್ಕಳ ಶಾಲೆ, ಗಂಡನ ಮೂರು ಎಕರೆ, ವಯಸ್ಸಾದ ಅಪ್ಪ-ಅಮ್ಮ ಇರುವ ಹೆಂಗಸು ಸುರಪುರದಲ್ಲೋ ಹನೂರಿನಲ್ಲೋ ಉಳಿಯುವ ಸಂಭವ ಹೆಚ್ಚು. ನರ್ಸ್‌ಗಳ ಕೊರತೆ ಇರುವುದೂ ಅಲ್ಲೇ. ಆಕೆಗೆ ಅಲ್ಲಿಯ ಮಾತು ಗೊತ್ತು, ಯಾವ ಓಣಿಯ ಬಾಣಂತಿ ಮಾತ್ರೆ ನುಂಗುವುದಿಲ್ಲ ಎಂಬುದೂ ಗೊತ್ತು.

ಹಾಗಿದ್ದೂ ನೇಮಕಾತಿಯ ನಿಯಮ ಆಕೆಯ ವಿರುದ್ಧವೇ ಇದೆ. ರಾಜ್ಯದ ಸಾಮಾನ್ಯ ನೇಮಕಾತಿ ನಿಯಮದಲ್ಲಿ ಗರಿಷ್ಠ ವಯಸ್ಸು ಸಾಮಾನ್ಯ ವರ್ಗಕ್ಕೆ 35, ಹಿಂದುಳಿದ ವರ್ಗಗಳಿಗೆ 38, ಪರಿಶಿಷ್ಟರಿಗೆ ಮತ್ತು ಪ್ರವರ್ಗ 1ಕ್ಕೆ 40. ವಿಧವೆಯರಿಗೆ ಹತ್ತು ವರ್ಷದ ಸಡಿಲಿಕೆ ಉಂಟು. ಇತ್ತೀಚೆಗೆ ಸರ್ಕಾರ ತಾತ್ಕಾಲಿಕವಾಗಿ ಒಂದಷ್ಟು ವರ್ಷ ಸೇರಿಸಿದ್ದೂ ಉಂಟು. ಆದರೆ ಮೂಲ ನಿಯಮ ಹಿಡಿದರೆ, 34ಕ್ಕೆ ಜಿಎನ್‌ಎಂ ಸೇರಲು ಅರ್ಹಳಾದ ಸಾಮಾನ್ಯ ವರ್ಗದ ಹೆಂಗಸು 37ಕ್ಕೆ ಓದು ಮುಗಿಸುವ ಹೊತ್ತಿಗೆ ಶುಶ್ರೂಷಾಧಿಕಾರಿ ಹುದ್ದೆಗೆ ಅರ್ಜಿಯನ್ನೇ ಹಾಕಲಾರಳು. ಓದಲು ಬಿಡುವ ವಯಸ್ಸೂ ಕೆಲಸ ಕೊಡುವ ವಯಸ್ಸೂ ಒಂದೇ. ಈ ಎರಡು ನಿಯಮಗಳನ್ನು ಬರೆದವರು ಒಬ್ಬರನ್ನೊಬ್ಬರು ಭೇಟಿಯಾಗಿಲ್ಲ ಅಂತ ಕಾಣುತ್ತದೆ.

ಮಾಡಬೇಕಾದದ್ದು ಬೆಟ್ಟದಷ್ಟೇನಿಲ್ಲ. ಆಶಾ, ಅಂಗನವಾಡಿ, ಆಸ್ಪತ್ರೆಯ ಡಿ ಗ್ರೂಪ್ ಮತ್ತು ಆಯಾ ಕೆಲಸದಲ್ಲಿ ಐದು ವರ್ಷ ಕಳೆದವರಿಗೆ ಸರ್ಕಾರಿ ನರ್ಸಿಂಗ್ ಶಾಲೆಗಳಲ್ಲಿ ಒಂದಿಷ್ಟು ಸೀಟು ಮೀಸಲಿಡಬೇಕು. ಓದುವ ಅವಧಿಯಲ್ಲಿ ಅವರ ಹಳೆಯ ಗೌರವಧನ ಅಥವಾ ಕನಿಷ್ಠ ವೇತನದ ಅರ್ಧದಷ್ಟಾದರೂ ತಿಂಗಳು ತಿಂಗಳು ಅವರ ಖಾತೆಗೆ ಬರಬೇಕು. ಬದಲಿಗೆ ಓದಿದಷ್ಟು ವರ್ಷ ಅದೇ ತಾಲ್ಲೂಕಿನಲ್ಲಿ ಸೇವೆ. ಸರ್ಕಾರಿ ಸೇವೆಯಲ್ಲಿರುವವರನ್ನು ಸಂಬಳ ಕೊಟ್ಟೇ ಮುಂದಿನ ಓದಿಗೆ ನಿಯೋಜಿಸುವ ಪದ್ಧತಿ ನಮಗೆ ಗೊತ್ತಿರುವುದೇ. ಅದನ್ನು ಇನ್ನೊಂದು ಮೆಟ್ಟಿಲು ಕೆಳಗೆ ಇಳಿಸಿದರೆ ಆಯಿತು. ಖಾಸಗಿ ಆಸ್ಪತ್ರೆಗಳು ಇಂಥ ಸೇವೆಯ ಬಾಂಡ್ ಬರೆಸಿಕೊಳ್ಳುವುದನ್ನು ಮಾತ್ರ ನಾನು ಒಪ್ಪಲಾರೆ. ಮೂಲ ಅಂಕಪಟ್ಟಿ ಬೀರುವಿನಲ್ಲಿಟ್ಟುಕೊಂಡು ನರ್ಸ್‌ಗಳನ್ನು ಕಟ್ಟಿಹಾಕಿದ ಇತಿಹಾಸ ಆ ವಲಯಕ್ಕೆ ಇದೆ. ಶುಶ್ರೂಷಾ ಪರಿಷತ್ತು ಸುತ್ತೋಲೆ ಹೊರಡಿಸಿ ಬಾಂಡ್ ಪದ್ಧತಿ ಬೇಡ ಎನ್ನಬೇಕಾಗಿ ಬಂದಿತ್ತು. ಅರ್ಜಿಗಳಲ್ಲಿ ತಂದೆಯ ವರಮಾನದ ಜೊತೆಗೆ ‘ಸ್ವಂತ ವರಮಾನ’ ಎಂಬ ಇನ್ನೊಂದು ಸಾಲು ಸೇರಿಸಲು ಸಂಪುಟ ಸಭೆ ಬೇಕಿಲ್ಲ, ಒಂದು ಆದೇಶ ಸಾಕು. ನೇಮಕಾತಿಯ ವಯೋಮಿತಿಯನ್ನು ನರ್ಸಿಂಗ್ ಹುದ್ದೆಗಳ ಮಟ್ಟಿಗೆ 45ಕ್ಕೆ ಏರಿಸುವುದು ಮುಂದಿನ ಅಧಿಸೂಚನೆಯಲ್ಲೇ ಆಗಬಹುದು.

ಅದೆಲ್ಲ ಆಗುವವರೆಗೆ ಕಾಯಲಾರದೆ ಈ ವರ್ಷವೇ ಸೇರಲು ಹೊರಟವರಿಗೆ ಒಂದು ಮಾತು. ಮುಂಗಡ ಕೊಡುವ ಮೊದಲು ಆ ಶಾಲೆಯ ಹೆಸರು ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲೂ ಪರೀಕ್ಷಾ ಮಂಡಳಿಯಲ್ಲೂ ಇದೆಯೇ ಎಂದು ನೀವೇ ವಿಚಾರಿಸಿ. ಏಜೆಂಟ್ ತೋರಿಸುವ ಮೊಬೈಲ್ ಫೋಟೊ ನಂಬಬೇಡಿ. ಕೊಟ್ಟ ಪ್ರತಿ ರೂಪಾಯಿಗೂ ರಸೀದಿ ಕೇಳಿ. ಕೊಡದಿದ್ದರೆ ಆ ಸೀಟು ಬೇಡ. ಮೂಲ ಅಂಕಪಟ್ಟಿಯನ್ನು ಪರಿಶೀಲನೆಗೆ ತೋರಿಸಿ, ಬಿಟ್ಟು ಬರಬೇಡಿ. ಬ್ಯಾಂಕಿನಲ್ಲಿ ವಯಸ್ಸಿನ ನೆಪ ಹೇಳಿದರೆ, ಯಾವ ನಿಯಮದಡಿ ಸಾಲ ಕೊಡುವುದಿಲ್ಲ ಎಂದು ಬರೆದುಕೊಡಿ ಅಂತ ಕೇಳಿ. ಅಂಥ ನಿಯಮ ಮಾದರಿ ಯೋಜನೆಯಲ್ಲಿ ಇಲ್ಲ.